ಗುರಿ ಅಭ್ಯಾಸಕ್ಕೆ ಮೊದಲ ಪಿಸ್ತೂಲು: ಯಾವುದನ್ನು ಆರಿಸಬೇಕು, ಹೇಗೆ ಕೊಳ್ಳಬೇಕು?

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಉದ್ಯೋಗದಲ್ಲಿದ್ದೇನೆ. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮ ಕುಟುಂಬದ ಕಾಫಿ ತೋಟವಿದ್ದು, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೋವಿಯೊಂದು ತಂದೆಯವರ ಹೆಸರಿನಲ್ಲಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರು ಏರ್ ಪಿಸ್ತೂಲಿನಲ್ಲಿ (ಒತ್ತಿದ ಗಾಳಿಯಿಂದ ಗುಂಡು ಹಾರಿಸುವ ಪಿಸ್ತೂಲು) ಎರಡು ಕಂಚಿನ ಪದಕ ಗೆದ್ದ ಮೇಲೆ ಗುರಿ ಹೊಡೆಯುವ ಕ್ರೀಡೆಯಲ್ಲಿ ನನಗೆ ಆಸಕ್ತಿ ಬೆಳೆದಿದೆ. ಪದಕದ ಹಂಬಲವೇನೂ ಇಲ್ಲ. ರಜೆಯ ದಿನಗಳಲ್ಲಿ ಮನಸ್ಸಿಟ್ಟು ಅಭ್ಯಾಸ ಮಾಡುವ ಹವ್ಯಾಸವಾಗಿ ಇದನ್ನು ಬೆಳೆಸಿಕೊಳ್ಳಬೇಕೆಂಬ ಇಚ್ಛೆಯಿದೆ.

ಸ್ನೇಹಿತರೊಬ್ಬರು .32 (ಇಂಚಿನಲ್ಲಿ ನಳಿಗೆಯ ಅಳತೆ) ರಿವಾಲ್ವರ್‌ಗೆ ಅರ್ಜಿ ಹಾಕಿದರೆ ಆತ್ಮರಕ್ಷಣೆಗೂ ಆಯಿತು, ಅಭ್ಯಾಸಕ್ಕೂ ಆಯಿತು ಎನ್ನುತ್ತಾರೆ. ಇನ್ನೊಬ್ಬರು ಗುರಿ ಅಭ್ಯಾಸಕ್ಕೆ .22 ಪಿಸ್ತೂಲೇ ಸರಿ ಎನ್ನುತ್ತಾರೆ. ನಮ್ಮ ತೋಟ ಕೊಡಗಿನ ಗಡಿಗೆ ಹತ್ತಿರವಿರುವುದರಿಂದ ಪರವಾನಗಿಯೇ ಬೇಕಾಗದು ಎಂದು ಹೇಳಿದವರೂ ಇದ್ದಾರೆ. ಒಂದರಿಂದ ಒಂದೂವರೆ ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಯಾವುದನ್ನು ಆರಿಸಬೇಕು ಮತ್ತು ಕೊಳ್ಳುವ ಕ್ರಮವೇನು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಹತ್ತು ಮೀಟರ್ (ಚಿಕ್ಕಮಗಳೂರು)

ನಮಸ್ಕಾರ. ನಿಮ್ಮ ಉದ್ದೇಶ ಗುರಿ ಅಭ್ಯಾಸವೇ ಆಗಿದ್ದರೆ ನನ್ನ ಉತ್ತರ ಸ್ಪಷ್ಟವಾಗಿದೆ: ಮೊದಲು 10 ಮೀಟರ್ ಸ್ಪರ್ಧೆಗೆಂದೇ ತಯಾರಾದ ಏರ್ ಪಿಸ್ತೂಲನ್ನು ಕೊಳ್ಳಿ. ಇಲ್ಲಿಯ ಹವ್ಯಾಸಿಗಳು ಆಯುಧವನ್ನು ಮೊದಲು ಆರಿಸಿ, ಆಮೇಲೆ ಅದನ್ನು ಎಲ್ಲಿ ಹೊಡೆಯುವುದೆಂದು ಯೋಚಿಸುತ್ತಾರೆ, ಇದು ತಿರುವುಮುರುವಾಗಬೇಕು. ವಾರವಾರವೂ ಅಭ್ಯಾಸ ಮಾಡಲು ಸಾಧ್ಯವಾಗುವ ಸ್ಥಳ ಯಾವುದು ಎಂಬುದನ್ನು ನಿರ್ಧರಿಸಿದರೆ ಪಿಸ್ತೂಲು ತಾನಾಗಿಯೇ ನಿರ್ಧಾರವಾಗುತ್ತದೆ.

2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿ.ಮೀ. ಅನ್ನೂ ಶಕ್ತಿ 20 ಜೌಲ್ ಅನ್ನೂ ಮೀರದ ಏರ್ ಗನ್‌ಗಳಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲು ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ (ಸಣ್ಣ ಸೀಸದ ಗುಂಡು) ಅನ್ನು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹಾರಿಸುತ್ತದೆ. ಲೆಕ್ಕ ಹಾಕಿದರೆ ಅದು 6 ಜೌಲ್ ಆಸುಪಾಸಿನಲ್ಲಿ ನಿಲ್ಲುತ್ತದೆ. 5.5 ಮಿ.ಮೀ. ನಳಿಗೆಯ ಏರ್ ಗನ್ ಅನ್ನು ಯಾರಾದರೂ ಇದೂ ಅದೇ ಎಂದು ತೋರಿಸಿದರೆ ದಯವಿಟ್ಟು ಕೊಳ್ಳಬೇಡಿ, ಅದಕ್ಕೆ ಪರವಾನಗಿ ಬೇಕು. ಪರವಾನಗಿ ಬೇಡದ ಪಿಸ್ತೂಲನ್ನು ಕೊಳ್ಳುವಾಗಲೂ ಗುರುತಿನ ಚೀಟಿಯ ಪ್ರತಿಯನ್ನು ಕೊಟ್ಟು, ತಯಾರಿಕಾ ಸಂಖ್ಯೆ ನಮೂದಾಗಿರುವ ರಸೀದಿಯನ್ನು ಪಡೆದು ಜೋಪಾನವಾಗಿಡಿ, ಏಕೆಂದರೆ ಪ್ರಯಾಣದಲ್ಲಿ ಯಾರಾದರೂ ವಿಚಾರಿಸಿದರೆ ಮೊದಲು ತೋರಿಸಬೇಕಾಗುವುದು ಅದನ್ನೇ.

ಇನ್ನು .32 ರಿವಾಲ್ವರ್ ವಿಷಯ. ಕಾನ್ಪುರದ ಕಾರ್ಖಾನೆಯಲ್ಲಿ ತಯಾರಾಗುವ ನಿರ್ಭೀಕ್‌ನಂತಹ ರಿವಾಲ್ವರ್‌ಗಳು ಸುಮಾರು ಅರ್ಧ ಕಿಲೋ ತೂಗುವ, ಗಿಡ್ಡ ನಳಿಗೆಯ, ಆತ್ಮರಕ್ಷಣೆಗೆಂದು ರೂಪಿಸಿದ ಆಯುಧಗಳು. ಅವುಗಳನ್ನು ನಾನು ಹಳಿಯುತ್ತಿಲ್ಲ, ಆದರೆ ಕಲಿಯುವವರಿಗೆ ಅವು ತಕ್ಕವಲ್ಲ. ಗುರಿ ನೋಡಲು ಪಿಸ್ತೂಲಿನ ಮೇಲಿರುವ ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವಿನ ಅಂತರ 320 ಮಿ.ಮೀ. ಇರುವ ಪಿಸ್ತೂಲಿನಲ್ಲಿ ಮುಂದಿನ ಸೈಟ್ 1 ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 31 ಮಿ.ಮೀ. ತಪ್ಪುತ್ತದೆ. ಅಂತರ 120 ಮಿ.ಮೀ. ಮಾತ್ರ ಇದ್ದರೆ ಅದೇ ತಪ್ಪು 83 ಮಿ.ಮೀ. ಆಗುತ್ತದೆ. ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ. ಎಂಬುದನ್ನು ನೆನೆದರೆ ಈ ವ್ಯತ್ಯಾಸದ ಮಹತ್ವ ತಿಳಿಯುತ್ತದೆ. ಇದರ ಜೊತೆಗೆ, ಕೊಳ್ಳಬಹುದಾದ ತೋಟಾಗಳ ಸಂಖ್ಯೆಗೆ ಮಿತಿಯಿರುತ್ತದೆ, ತೋಟಾಗಳ ಬೆಲೆಯೂ ಹೆಚ್ಚು. ಒಂದು ಸಂಜೆಯ ಅಭ್ಯಾಸದಲ್ಲಿ ಅರವತ್ತು ಪೆಲೆಟ್ ಹೊಡೆಯುವ ಏರ್ ಪಿಸ್ತೂಲಿನವರು ಬೆಳೆಯುವಷ್ಟು ವೇಗವಾಗಿ .32 ಹಿಡಿದವರು ಬೆಳೆಯಲಾರರು.

.22 ಪಿಸ್ತೂಲು ನಿಜಕ್ಕೂ ಒಳ್ಳೆಯ ಕ್ರೀಡಾ ಆಯುಧ. 25 ಮೀಟರ್ ಸ್ಪರ್ಧೆಗಳು ಅದರ ಮೇಲೆಯೇ ನಿಂತಿವೆ, ಮತ್ತು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಅವರು ಬೆಳ್ಳಿ ಗೆದ್ದದ್ದು 25 ಮೀಟರ್ ರ‍್ಯಾಪಿಡ್ ಫೈರ್ ವಿಭಾಗದಲ್ಲಿ. ಆದರೆ ಅದಕ್ಕೆ ಪರವಾನಗಿಯೂ ಅನುಮತಿ ಪಡೆದ ರೇಂಜ್ (ಗುಂಡು ಹೊಡೆಯುವ ಅಭ್ಯಾಸದ ಜಾಗ) ಕೂಡ ಬೇಕು. ಒಳ್ಳೆಯ ಪಿಸ್ತೂಲುಗಳೆಲ್ಲ ವಿದೇಶದವು, ಅವುಗಳನ್ನು ತರಿಸಿಕೊಳ್ಳುವ ಅವಕಾಶವಿರುವುದು ಸ್ಪರ್ಧೆಗಳಲ್ಲಿ ನಿಗದಿತ ಅಂಕ ಗಳಿಸಿ ಮಾನ್ಯತೆ ಪಡೆದ ಶೂಟರ್‌ಗಳಿಗೆ. ಹೊಸಬರು ಆ ಹಂತಕ್ಕೆ ಹೋಗುವುದು ರೈಫಲ್ ಸಂಸ್ಥೆಯ ಸದಸ್ಯರಾಗಿ, ಸಂಸ್ಥೆಯ ಪಿಸ್ತೂಲಿನಲ್ಲಿಯೇ ಅಭ್ಯಾಸ ಮಾಡಿದ ನಂತರ. ನಮ್ಮ ರಾಜ್ಯದವರೇ ಆದ ಪ್ರಕಾಶ್ ನಂಜಪ್ಪ ಅವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಆದ್ದರಿಂದ ಏರ್ ಪಿಸ್ತೂಲು ಎಂದರೆ ಮಕ್ಕಳ ಆಟಿಕೆ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಕಿವಿಗೊಡಬೇಡಿ.

ಆಯ್ಕೆ ಮಾಡುವಾಗ ಮೊದಲು ನೋಡಬೇಕಾದದ್ದು ಹಿಡಿಯನ್ನು, ಹೆಸರನ್ನಲ್ಲ. ಸ್ಟೇಯರ್, ಮೊರಿನಿ, ವಾಲ್ಥರ್, ಪಾರ್ದಿನಿ, ಫೈನ್‌ವೆರ್ಕ್‌ಬೌ, ಇವೆಲ್ಲವೂ ಹವ್ಯಾಸಿಯ ಕೈಗಿಂತ ಹೆಚ್ಚು ನಿಖರವಾದ ಪಿಸ್ತೂಲುಗಳೇ. ಮರದ ಹಿಡಿಗಳು ಬೇರೆ ಬೇರೆ ಅಳತೆಗಳಲ್ಲಿ, ಎಡಗೈಗೂ ಬಲಗೈಗೂ ಪ್ರತ್ಯೇಕವಾಗಿ ಬರುತ್ತವೆ. ಕಣ್ಣು ಮುಚ್ಚಿ ಪಿಸ್ತೂಲನ್ನು ಗುರಿಯ ಕಡೆಗೆ ಎತ್ತಿ, ಆಮೇಲೆ ಕಣ್ಣು ತೆರೆದಾಗ ಎರಡೂ ಸೈಟ್‌ಗಳು ಬಹುಮಟ್ಟಿಗೆ ಒಂದೇ ಸಾಲಿನಲ್ಲಿದ್ದರೆ ಆ ಹಿಡಿ ನಿಮ್ಮದು. ಹಾಗಾಗಿ ಕೈಯಲ್ಲಿ ಹಿಡಿದು ನೋಡದೆ ಅಂತರ್ಜಾಲದಲ್ಲಿ ತರಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸ್ಪರ್ಧೆಯ ನಿಯಮದ ಪ್ರಕಾರ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು, ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು. ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡುವ ಸೌಲಭ್ಯ ಅದರಲ್ಲಿ ಇರಲೇಬೇಕು, ಏಕೆಂದರೆ ಕಲಿಕೆಯ ದೊಡ್ಡ ಪಾಲು ನಡೆಯುವುದು ಅಲ್ಲಿಯೇ.

ಸಕಲೇಶಪುರ ಬೆಳೆಗಾರ

ಹಿಂದಿನವರು ಆಯ್ಕೆಯ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಪರವಾನಗಿಯ ಬಗ್ಗೆ ಮಾತ್ರ ನಾಲ್ಕು ಮಾತು ಸೇರಿಸುತ್ತೇನೆ, ಏಕೆಂದರೆ ನಮ್ಮ ಕಡೆ ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ.

ಕೊಡಗಿನ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಆಯುಧ ಕಾಯ್ದೆಯ 41ನೇ ಕಲಂ ಅಡಿಯಲ್ಲಿ ಕೇಂದ್ರ ಸರ್ಕಾರ ಕೊಟ್ಟಿರುವಂಥದ್ದು. 2019ರ ಅಧಿಸೂಚನೆಯಂತೆ 2029ರವರೆಗೆ ಮುಂದುವರಿದಿದೆ. ಹಾಸನ ಜಿಲ್ಲೆಯ ತೋಟ ಗಡಿಗೆ ಎಷ್ಟೇ ಹತ್ತಿರವಿದ್ದರೂ ಅದರ ಮಾಲೀಕರಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ.

ತಂದೆಯವರ ಕೋವಿಯ ಪರವಾನಗಿ ಅವರ ಹೆಸರಿಗೆ, ಆ ಕೋವಿಗೆ, ಬೆಳೆ ರಕ್ಷಣೆಯ ಉದ್ದೇಶಕ್ಕೆ ಮಾತ್ರ ಸಂಬಂಧಿಸಿದ್ದು. ಅದರ ಬಲದ ಮೇಲೆ ನೀವು ಪಿಸ್ತೂಲು ಕೊಳ್ಳಲಾಗದು; ಅವರ ಕೋವಿಯಲ್ಲಿ ನೀವು ಗುರಿ ಅಭ್ಯಾಸ ಮಾಡುವುದೂ ಸರಿಯಲ್ಲ. ಆನೆ, ಹಂದಿಗಳ ಕಾಟದಲ್ಲಿ ಆ ಪರವಾನಗಿ ನಮ್ಮ ತೋಟಗಳಿಗೆ ಎಷ್ಟು ಮುಖ್ಯವೆಂಬುದು ನಿಮಗೂ ಗೊತ್ತಿದೆ. ಹವ್ಯಾಸಕ್ಕಾಗಿ ಅದಕ್ಕೆ ಕುತ್ತು ತಂದುಕೊಳ್ಳಬಾರದೆಂಬುದು ನನ್ನ ಕಳಕಳಿಯ ವಿನಂತಿ.

ಮುಂದೆ ಎಂದಾದರೂ .22 ಅಥವಾ .32ಗೆ ಅರ್ಜಿ ಹಾಕುವುದಾದರೆ, ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಎ-1 ನಮೂನೆಯ ಅರ್ಜಿ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಪೊಲೀಸ್ ವರದಿ ಬರುತ್ತದೆ; ವೈದ್ಯರ ಪ್ರಮಾಣಪತ್ರವನ್ನೂ ಆಯುಧವನ್ನು ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆಯನ್ನೂ ಕೊಡಬೇಕು. ಅರ್ಜಿಯಲ್ಲಿ ಉದ್ದೇಶವನ್ನು ಇದ್ದಂತೆ ಬರೆಯಿರಿ. ಕ್ರೀಡೆಗೆಂದು ಬೇಕಾದವರು ಆತ್ಮರಕ್ಷಣೆಯೆಂದು ಬರೆದು, ಪೊಲೀಸರು ಬೆದರಿಕೆಯ ವಿವರ ಕೇಳಿದಾಗ ಉತ್ತರವಿಲ್ಲದೆ ನಿಲ್ಲುವುದನ್ನು ಕಂಡಿದ್ದೇನೆ. ಅರ್ಜಿಯನ್ನು ತಿರಸ್ಕರಿಸಿದರೆ ಸಾಮಾನ್ಯವಾಗಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಮೇಲ್ಮನವಿಗೂ ಅವಕಾಶವಿದೆ. 9 ಮಿ.ಮೀ. ಪಿಸ್ತೂಲನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕಿ, ಅದು ನಿಷೇಧಿತ ಬೋರ್ (ನಳಿಗೆಯ ಒಳಅಳತೆ) ವರ್ಗಕ್ಕೆ ಸೇರಿದೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಚುನಾವಣೆ ಬಂದಾಗ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡಲು ಹೇಳಿದರೆ ಇಡಬೇಕಾಗುತ್ತದೆ, ಅಷ್ಟು ಕಾಲ ಅಭ್ಯಾಸವೂ ನಿಲ್ಲುತ್ತದೆ.

ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯವರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸಿ ಪ್ರಮಾಣಪತ್ರ ಕೊಡುತ್ತಾರೆ. ಮುಂದಿನ ಶಿಬಿರ ಯಾವಾಗ ಎಂದು ಎಸ್ಪಿ ಕಚೇರಿಯಲ್ಲಿ ವಿಚಾರಿಸಿ, ತಪ್ಪದೆ ಸೇರಿಕೊಳ್ಳಿ.

ಹೇಮಾವತಿ ದಂಡೆ (ಹಾಸನ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಏರ್ ಪಿಸ್ತೂಲಿನಿಂದಲೇ ಆರಂಭಿಸಲು ನಿರ್ಧರಿಸಿದ್ದೇನೆ. ತೋಟದ ಮನೆಯ ಪಕ್ಕದಲ್ಲಿ ಕಾಫಿ ಮೂಟೆಗಳನ್ನು ಇಡುವ ಉದ್ದನೆಯ ಗೋದಾಮು ಇದೆ. ಅಲ್ಲಿ 10 ಮೀಟರ್ ಅಳತೆ ಸುಲಭವಾಗಿ ಸಿಗುತ್ತದೆ. ಅದನ್ನು ಬಳಸಬಹುದೇ? ಗಾಳಿ ತುಂಬುವ ವ್ಯವಸ್ಥೆಯಲ್ಲಿಯೂ ಹಲವು ಬಗೆಗಳಿವೆಯಂತೆ. ನಮ್ಮ ಮಳೆಗಾಲಕ್ಕೆ ಯಾವುದು ಒಗ್ಗುತ್ತದೆ?

ಹತ್ತು ಮೀಟರ್ (ಚಿಕ್ಕಮಗಳೂರು)

ಗೋದಾಮಿನಲ್ಲಿ ಕಾಫಿ ಇರುವಷ್ಟು ದಿನ ಅಲ್ಲಿ ಹೊಡೆಯಬೇಡಿ. ಪೆಲೆಟ್‌ಗಳು ಸೀಸದವು, ಹಲಗೆಗೆ ಬಡಿದು ಚಪ್ಪಟೆಯಾಗುವಾಗ ಸೀಸದ ಸೂಕ್ಷ್ಮ ಪುಡಿ ಹಾರುತ್ತದೆ, ಮತ್ತು ಜನರು ಕುಡಿಯುವ ಪದಾರ್ಥವನ್ನು ಇಡುವ ಜಾಗದಲ್ಲಿ ಅದು ಬೀಳಬಾರದು. ಮೂಟೆಗಳನ್ನು ಸಾಗಿಸಿದ ಮೇಲೆ ಬಳಸುವುದಾದರೂ ಆ ಭಾಗವನ್ನು ಬೇರೆ ಮಾಡಿ, ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಅಭ್ಯಾಸ ಮುಗಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಿರಿ. ಸಾಧ್ಯವಿದ್ದರೆ ಬೇರೆ ಕೊಠಡಿಯನ್ನೋ ಉದ್ದನೆಯ ಜಗಲಿಯನ್ನೋ ಹುಡುಕುವುದು ಉತ್ತಮ.

ಜಾಗ ಯಾವುದೇ ಆಗಲಿ, ಗುರಿಹಲಗೆಯ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿರಬೇಕು. ಅದರ ಹಿಂದೆ ಮುಂದಕ್ಕೆ ಬಾಗಿಸಿದ ಉಕ್ಕಿನ ತಗಡಿರುವ ಪೆಲೆಟ್ ಪೆಟ್ಟಿಗೆಯನ್ನಿಟ್ಟರೆ ಪೆಲೆಟ್ ಕೆಳಗೆ ಬೀಳುತ್ತದೆ, ಹಿಂದಕ್ಕೆ ಚಿಮ್ಮುವುದಿಲ್ಲ. ಗುರಿಯ ಪಕ್ಕದಲ್ಲಿ ಬಾಗಿಲಿದ್ದರೆ ಒಳಗಿನಿಂದ ಚಿಲಕ ಹಾಕಿ, ಏಕೆಂದರೆ ತೋಟದಲ್ಲಿ ಆಳುಗಳೂ ಮಕ್ಕಳೂ ಯಾವ ಕ್ಷಣದಲ್ಲಾದರೂ ಒಳಗೆ ಬರಬಹುದು, ಮತ್ತು 6 ಜೌಲ್ ಶಕ್ತಿಯ ಪೆಲೆಟ್ ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ರಕ್ಷಣಾ ಕನ್ನಡಕವಿಲ್ಲದೆ ಅಭ್ಯಾಸಕ್ಕೆ ನಿಲ್ಲಬೇಡಿ.

ಗಾಳಿಯ ವಿಷಯಕ್ಕೆ ಬಂದರೆ, ಇಂಗಾಲದ ಡೈಆಕ್ಸೈಡ್ ಬಳಸುವ ಪಿಸ್ತೂಲುಗಳಲ್ಲಿ ಒತ್ತಡವು ಹವೆಯ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಜನವರಿಯ ಬೆಳಗಿಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ನಮ್ಮಲ್ಲಿರುವ ಅಂತರವನ್ನು ಗಮನಿಸಿದರೆ ಅವು ಬೇಡ. ಒಂದೊಂದು ಹೊಡೆತಕ್ಕೂ ಲಿವರ್ ಎಳೆದು ಗಾಳಿ ಒತ್ತುವ ಪಿಸ್ತೂಲು ಬಾಳಿಕೆ ಬರುವಂಥದ್ದು, ಆದರೆ ತೋಳು ಬೇಗ ದಣಿಯುತ್ತದೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬುವ ಬಗೆಯೇ ಇಂದು ಸ್ಪರ್ಧೆಗಳಲ್ಲಿ ಬಳಕೆಯಲ್ಲಿದೆ, ನಾನು ಹೇಳುವುದೂ ಅದನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಪಂಪಿನಿಂದ ತುಂಬಿದರೆ ಗಾಳಿಯ ಜೊತೆಗೆ ತೇವವೂ ಒಳಗೆ ಹೋಗುತ್ತದೆ. ತೇವ ಹೀರುವ ಫಿಲ್ಟರ್ ಇರುವ ಪಂಪನ್ನೇ ಕೊಳ್ಳಿ. ಪಿಸ್ತೂಲನ್ನು ಇಡುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ, ಅವುಗಳನ್ನು ಆಗಾಗ ಬಿಸಿಮಾಡಿ ಒಣಗಿಸಿ. ಮರದ ಹಿಡಿ ತೇವಕ್ಕೆ ಉಬ್ಬಿದರೆ ಅಳತೆಯೇ ಬದಲಾಗುತ್ತದೆ.

ಬಾಬಾಬುಡನ್ ಸಾಲು

ಸೆಕೆಂಡ್ ಹ್ಯಾಂಡ್ ಪಿಸ್ತೂಲಿನ ಬಗ್ಗೆ ಯಾರೂ ಬರೆಯಲಿಲ್ಲ. ನೀವು ಹೇಳಿದ ಮೊತ್ತಕ್ಕೆ ಸ್ಪರ್ಧೆ ಬಿಟ್ಟ ಶೂಟರ್‌ಗಳಿಂದ ಉತ್ತಮ ಪಿಸ್ತೂಲು ಸಿಗುವ ಸಾಧ್ಯತೆಯಿದೆ. ನೋಡಲೇಬೇಕಾದದ್ದು ಸಿಲಿಂಡರಿನ ಮೇಲೆ ಕೆತ್ತಿರುವ ದಿನಾಂಕವನ್ನು: ತಯಾರಕರು ಸಾಮಾನ್ಯವಾಗಿ ಹತ್ತು ವರ್ಷ ಬಳಕೆಗೆ ಅನುಮತಿ ಕೊಡುತ್ತಾರೆ, ಅವಧಿ ಮೀರಿದ ಸಿಲಿಂಡರನ್ನು ಯಾವ ಬೆಲೆಗೂ ಒಪ್ಪಿಕೊಳ್ಳಬೇಡಿ. ಪೂರ್ತಿ ಗಾಳಿ ತುಂಬಿಸಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಮಾಪಕದ ಮುಳ್ಳು ಗಮನಾರ್ಹವಾಗಿ ಕೆಳಗಿಳಿದಿದ್ದರೆ ಸೀಲುಗಳು ಸವೆದಿರಬಹುದು ಎಂದು ತಿಳಿಯಿರಿ.

ಟ್ರಿಗರ್ ಎಲೆಕ್ಟ್ರಾನಿಕ್ ಆಗಿರಲಿ, ಯಾಂತ್ರಿಕವಾಗಿರಲಿ, ಅದರ ಬಿಡಿಭಾಗಗಳು ಬೆಂಗಳೂರಿನಲ್ಲಿ ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ಕೇಳಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ಅದನ್ನು ಸರಿಪಡಿಸುವುದರಲ್ಲಿಯೇ ಅಮೂಲ್ಯವಾದ ನಿಮಿಷಗಳು ಕಳೆದುಹೋದವು. ಅವರ ಬಳಿ ಸಹಾಯಕ್ಕೆ ತಂಡವಿತ್ತು. ಹಾಸನದ ಹವ್ಯಾಸಿಗೆ ಒಂದು ಸಣ್ಣ ಸ್ಪ್ರಿಂಗ್‌ಗಾಗಿಯೂ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ಸೀಲುಗಳ ಒಂದು ಜೊತೆಯನ್ನು ಪಿಸ್ತೂಲಿನೊಂದಿಗೇ ಕೊಂಡುಬಿಡಿ. ಪೆಲೆಟ್‌ಗಳನ್ನು ಮಾತ್ರ ಒಮ್ಮೆಲೇ ಹೆಚ್ಚು ಕೊಳ್ಳಬೇಡಿ: 4.49 ಮತ್ತು 4.50 ಮಿ.ಮೀ. ತಲೆಯ ಚಪ್ಪಟೆ ಪೆಲೆಟ್‌ಗಳ ಒಂದೊಂದು ಡಬ್ಬಿ ತಂದು, ಪಿಸ್ತೂಲನ್ನು ಮರಳಚೀಲದ ಮೇಲೆ ಒರಗಿಸಿ ಹೊಡೆದು ನೋಡಿ, ಯಾವುದರ ರಂಧ್ರಗಳು ಹೆಚ್ಚು ಒತ್ತಾಗಿ ಬೀಳುತ್ತವೆಯೋ ಅದನ್ನೇ ಮುಂದುವರಿಸಿ.