‘ರಿಯರ್ ವಿಂಡೋ’ದ ಕೊಲೆಗಾರ ಪೆರ್ರಿ ಮೇಸನ್ ಆದದ್ದು ಹೇಗೆ?

ಪ್ರಶ್ನೆ:
ಹಿಚ್‌ಕಾಕ್ ಅವರ 1954ರ ‘ರಿಯರ್ ವಿಂಡೋ’ ಚಿತ್ರವನ್ನು ಕಳೆದ ವಾರ ಮತ್ತೆ ನೋಡಿದೆ. ಅಂಗಳದಾಚೆಯ ಮನೆಯಲ್ಲಿ ಹೆಂಡತಿಯನ್ನು ಕೊಂದ ಥಾರ್ವಾಲ್ಡ್‌ನಾಗಿ ನಟಿಸಿದ ರೇಮಂಡ್ ಬರ್ ಅವರೇ ಮೂರು ವರ್ಷಗಳ ಬಳಿಕ ಟಿ.ವಿ.ಯಲ್ಲಿ ನಿರಪರಾಧಿಗಳ ಪರ ವಾದಿಸುವ ಪೆರ್ರಿ ಮೇಸನ್ ಆದರೆಂಬುದು ನನಗೆ ಈಗಲೂ ಸೋಜಿಗ. ಖಳನೆಂಬ ಮುದ್ರೆ ಬಿದ್ದ ನಟನನ್ನು ಅಮೆರಿಕದ ಪ್ರೇಕ್ಷಕರು ಹೇಗೆ ಒಪ್ಪಿಕೊಂಡರು? ಟಿ.ವಿ.ಯಿಂದಾಗಿ ಚಿತ್ರರಂಗ ಒಬ್ಬ ಒಳ್ಳೆಯ ನಟನನ್ನು ಕಳೆದುಕೊಂಡಿತೇ?

ಉತ್ತರ 1:
ನಿಮ್ಮ ಮೊದಲ ಪ್ರಶ್ನೆಗೆ ಸುಳಿವು 1951ರ ‘ಎ ಪ್ಲೇಸ್ ಇನ್ ದಿ ಸನ್’ ಚಿತ್ರದಲ್ಲಿದೆ. ಅಲ್ಲಿ ಬರ್ ಸರ್ಕಾರಿ ವಕೀಲ. ನ್ಯಾಯಾಲಯದೊಳಕ್ಕೇ ತರಿಸಿದ ದೋಣಿಯಲ್ಲಿ ಅವರು, ಆರೋಪಿಯು ಹುಡುಗಿಯನ್ನು ಹೇಗೆ ಹೊಡೆದಿರಬೇಕೆಂದು ತೋರಿಸಲು ಹುಟ್ಟನ್ನೆತ್ತಿ ಬಡಿಯುತ್ತಾರೆ. ಹುಟ್ಟು ಮುರಿದೇ ಹೋಗುತ್ತದೆ. ಮೇಸನ್ ಸರಣಿಯ ನಿರ್ಮಾಪಕಿ ಗೇಲ್ ಪ್ಯಾಟ್ರಿಕ್ ಜಾಕ್ಸನ್ ಅವರ ಮನಸ್ಸಿನಲ್ಲಿ ಉಳಿದಿದ್ದದ್ದು ಆ ಪಾತ್ರವೇ. ಹಾಗಾಗಿ ಅವರನ್ನು ಮೊದಲು ಪರಿಗಣಿಸಿದ್ದು, ಪ್ರತಿ ವಾರವೂ ಮೇಸನ್ ಎದುರು ಸೋಲುವ ಸರ್ಕಾರಿ ವಕೀಲ ಹ್ಯಾಮಿಲ್ಟನ್ ಬರ್ಗರ್ ಪಾತ್ರಕ್ಕೆ. ಬರ್ ಅವರಿಗೆ ಬೇಕಿದ್ದದ್ದು ಮೇಸನ್. ತೂಕ ಇಳಿಸಿಕೊಂಡು ಅದನ್ನೇ ಪಡೆದರು.

ಉತ್ತರ 2:
ಖಳ ನಾಯಕನಾದ ಎನ್ನುವುದಕ್ಕಿಂತ, ಅದೇ ನಟನೆಯನ್ನು ಕ್ಯಾಮೆರಾ ಹತ್ತಿರ ಬಂದು ನೋಡಿತು ಎನ್ನುವುದು ನನಗೆ ಸರಿಯೆನಿಸುತ್ತದೆ. ‘ರಿಯರ್ ವಿಂಡೋ’ದಲ್ಲಿ ನಾಯಿ ಸತ್ತ ರಾತ್ರಿಯನ್ನು ನೆನಪಿಸಿಕೊಳ್ಳಿ: ಕೂಗು ಕೇಳಿ ನೆರೆಯವರೆಲ್ಲ ಕಿಟಕಿಗೆ ಬರುತ್ತಾರೆ, ಥಾರ್ವಾಲ್ಡ್‌ನ ಮನೆ ಮಾತ್ರ ಕತ್ತಲು, ಅದರೊಳಗೆ ಸಿಗರೇಟಿನ ಕೆಂಡವೊಂದೇ ಮಿನುಗುತ್ತದೆ. ಚಿತ್ರದ ಕೊನೆಯಲ್ಲಿ ಆತ ನಾಯಕನ ಕೋಣೆಯ ಬಾಗಿಲಲ್ಲಿ ನಿಂತು, ನನ್ನಿಂದ ನಿಮಗೇನು ಬೇಕು ಎಂದು ಕೇಳುವಾಗ ಕೊಲೆಗಾರನ ಮೇಲೂ ಕನಿಕರ ಹುಟ್ಟುತ್ತದೆ. ಆ ಭಾರವಾದ ಮೈ, ತಗ್ಗಿದ ದನಿ, ಅಲುಗದೆ ಕಾಯುವ ಗುಣ, ಇವೇ ಮೇಸನ್‌ನ ಬಂಡವಾಳವೂ ಆದವು. ಸಾಕ್ಷಿ ಸುಳ್ಳು ಹೇಳುತ್ತಿರುವಾಗ ಆತ ಕಣ್ಣು ಕದಲಿಸದೆ ಕೇಳಿಸಿಕೊಳ್ಳುವ ರೀತಿಯೇ ಅರ್ಧ ವಾದವನ್ನು ಗೆಲ್ಲುತ್ತದೆ. 1957ರಿಂದ 1966ರವರೆಗೆ ಒಂದೊಂದು ಗಂಟೆಯ 271 ಕಂತುಗಳು, ಎರಡು ಎಮ್ಮಿ ಪ್ರಶಸ್ತಿಗಳು. ಇದನ್ನು ನಷ್ಟವೆಂದು ಕರೆಯಲು ನನಗೆ ಮನಸ್ಸಾಗದು.

ಉತ್ತರ 3:
ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ನಷ್ಟವೂ ಆಯಿತು. 1948ರ ‘ರಾ ಡೀಲ್’ನಲ್ಲಿ ಉರಿಯುವ ಮದ್ಯವನ್ನು ಹೆಣ್ಣೊಬ್ಬಳ ಮೇಲೆ ಎರಚುವ ಗೂಂಡಾನಾಯಕನ ಕ್ರೌರ್ಯವನ್ನು ನೋಡಿದವರಿಗೆ, ಈ ನಟನಲ್ಲಿ ಇನ್ನೆಷ್ಟು ಬಗೆಯ ಪಾತ್ರಗಳು ಉಳಿದಿದ್ದವು ಎಂಬ ಕೊರಗು ಬಂದೇ ಬರುತ್ತದೆ. ಮೇಸನ್ ಮುಗಿದ ಮರುವರ್ಷವೇ ‘ಐರನ್‌ಸೈಡ್’ ಬಂತು. ಗುಂಡೇಟಿನಿಂದ ನಡೆಯಲಾಗದೆ ಗಾಲಿಕುರ್ಚಿಯಲ್ಲಿ ಕುಳಿತೇ ತನಿಖೆ ನಡೆಸುವ ಪೊಲೀಸ್ ಅಧಿಕಾರಿಯ ಆ ಪಾತ್ರ 1975ರವರೆಗೆ ನಡೆಯಿತು. ಮುಖ ಮತ್ತು ದನಿಗಳಿಂದಲೇ ಅಷ್ಟು ವರ್ಷ ಪ್ರೇಕ್ಷಕರನ್ನು ಹಿಡಿದಿಟ್ಟದ್ದು ಸಣ್ಣ ಸಾಧನೆಯಲ್ಲ. 1985ರಲ್ಲಿ ಮತ್ತೆ ಮೇಸನ್ ಆಗಿ ಟಿ.ವಿ. ಚಿತ್ರಗಳಿಗೆ ಮರಳಿದರು. ಕ್ಯಾನ್ಸರ್ ಕಾಡುತ್ತಿದ್ದಾಗಲೂ ನಿಲ್ಲಿಸಲಿಲ್ಲ. 1993ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಅವರು ಮೇಸನ್ ಆಗಿ ನಟಿಸಿದ ಕೊನೆಯ ಚಿತ್ರ ಪ್ರಸಾರವಾದದ್ದು ಅದರ ನಂತರ.