ಭತ್ತದ ರಾಶಿಗೆ ಉಶ್ರ್: ಜಕಾತ್ ಲೆಕ್ಕವೇನಾ?

ಪ್ರಶ್ನೆ: ಸಿಂಧನೂರು ಕಡೆ ರಾಶಿ ಆದ ಮೇಲೆ ಮುಸ್ಲಿಂ ರೈತರು ಉಶ್ರ್ (ಬೆಳೆಯಲ್ಲಿ ದಾನಕ್ಕಂತ ಕೊಡೋ ಪಾಲು) ತೆಗೀತಾರಲ್ಲ, ಅದು ಜಕಾತಿನ (ಮುಸ್ಲಿಮರ ಕಡ್ಡಾಯ ದಾನದ) 2.5% ಲೆಕ್ಕವೇನಾ? ಸಿಖ್ಖರ ದಸ್ವಂಧ್ ಕೂಡ ಹಿಂಗೇನಾ?

ಉತ್ತರ 1: ಅಲ್ಲ. 2.5% ಇರೋದು ಉಳಿತಾಯಕ್ಕೆ. 612.36 ಗ್ರಾಂ ಬೆಳ್ಳಿಯ ಬೆಲೆಯಷ್ಟಾದರೂ ಇದ್ದು, ಚಾಂದ್ರಮಾನ ವರ್ಷ ತುಂಬಿರಬೇಕು. ಬೆಳೆಗೆ ವರ್ಷ ಕಾಯಂಗಿಲ್ಲ, ಕೊಯ್ಲಿಗೇ ಕೊಡಬೇಕು. ಮಳೆಯಾಶ್ರಿತ ಜೋಳಕ್ಕೆ ಹತ್ತರಲ್ಲೊಂದು ಪಾಲು. ಪಂಪ್‌ಸೆಟ್ ಭತ್ತಕ್ಕೆ ಇಪ್ಪತ್ತರಲ್ಲೊಂದು: 100 ಚೀಲಕ್ಕೆ 5.

ಉತ್ತರ 2: ಎಡವೋದು ಇಲ್ಲೇ: ಗೊಬ್ಬರ, ಕೂಲಿ ಕಳೆದು ಉಳಿದದ್ದಕ್ಕೆ ಲೆಕ್ಕ ಹಾಕ್ತಾರೆ. ಹನಫಿ ಪದ್ಧತಿಯಲ್ಲಿ (ಇಸ್ಲಾಮಿನ ಒಂದು ಧರ್ಮಶಾಸ್ತ್ರ ಪಂಥ) ಒಟ್ಟು ರಾಶಿಗೇ ಲೆಕ್ಕ. ನೀರಿನ ಖರ್ಚಿಗಂತಲೇ ಪಾಲು ಅರ್ಧ ಆಗಿರೋದು.

ಉತ್ತರ 3: ದಸ್ವಂಧ್ ಅಂದ್ರೆ ಆದಾಯದ ಹತ್ತನೇ ಒಂದು ಪಾಲು, ಕನಿಷ್ಠ ಆಸ್ತಿಯ ಮಿತಿ ಇಲ್ಲ. ಲಂಗರ್‌ನಲ್ಲಿ (ಗುರುದ್ವಾರದ ಉಚಿತ ಊಟದ ಅಡುಗೆಮನೆ) ರೊಟ್ಟಿ ಬೇಯಿಸೋದು, ತಟ್ಟೆ ತೊಳೆಯೋದು ಸೇವೆ. ಹತ್ತಿರದಲ್ಲಿ ನೋಡಬೇಕಂದ್ರೆ ಬೀದರ್‌ನ ನಾನಕ್ ಝೀರಾ ಗುರುದ್ವಾರ.