ಗ್ರಾಮಸಭೆ ವರದಿಯ ಮೊದಲ ಸಾಲಿಗೆ ಏನು ಬರಬೇಕು?

ಪ್ರಶ್ನೆ – ಹೊಸ ವರದಿಗಾರ್ತಿ, ಶಿರಾ:
ನಮಸ್ಕಾರ. ಪತ್ರಿಕೆಯೊಂದಕ್ಕೆ ತಾಲೂಕು ಸುದ್ದಿ ಬರೆಯುತ್ತೇನೆ. ಗ್ರಾಮಸಭೆ ಅಂದರೆ ಇಲ್ಲಿ ದೀಪ ಬೆಳಗಿದ್ದು, ವೇದಿಕೆಯಲ್ಲಿದ್ದವರ ಹೆಸರು ಮೊದಲು ಬರೆಯುವುದು ರೂಢಿ. ನೀರಿನ ಗಲಾಟೆ ಕೊನೆಗೆ ಬರುತ್ತದೆ. ಡೆಸ್ಕ್‌ನವರು (ಕಚೇರಿಯಲ್ಲಿ ಸುದ್ದಿ ತಿದ್ದಿ ಪುಟಕ್ಕೆ ಹಾಕುವವರು) ಅದನ್ನೇ ಕತ್ತರಿಸುತ್ತಾರೆ. ಹೇಗೆ ಬರೆಯಲಿ?

ಉತ್ತರ – ಹಳೇ ಡೆಸ್ಕಿನವನು:
ತಂಗಿ, ನೀರಿನ ಗಲಾಟೆಯೇ ಸುದ್ದಿ. ಅದನ್ನು ಮೊದಲ ಸಾಲಿಗೆ ತನ್ನಿ. ಯಾವ ಕೇರಿ, ಎಷ್ಟು ದಿನದಿಂದ ನೀರಿಲ್ಲ, ಕೇಳಿದ್ದು ಯಾರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಏನಂದರು. ಜಾಗ ಸಾಲದಿದ್ದರೆ ನಾವು ಕೆಳಗಿನಿಂದಲೇ ಕತ್ತರಿಸುತ್ತಿದ್ದೆವು. ರಾತ್ರಿ ಪುಟ ಮುಗಿಸುವ ಹೊತ್ತಿಗೆ ಪೂರ್ತಿ ಓದಲು ಪುರುಸೊತ್ತು ಇರುತ್ತಿರಲಿಲ್ಲ. ಒಬ್ಬ ಹೆಂಗಸು ಖಾಲಿ ಕೊಡ ಹಿಡಿದು ಎದ್ದು ಕೇಳಿದ್ದರೆ ಅದನ್ನೂ ಬರೆಯಿರಿ. ಅವರ ಮಾತನ್ನು ಅವರದೇ ಧಾಟಿಯಲ್ಲಿ ಕೊಡಿ, ದಯವಿಟ್ಟು ತಿದ್ದಬೇಡಿ. ವೇದಿಕೆಯವರ ಹೆಸರು ಕೊನೆಗೆ ಸಾಕು.

ಉತ್ತರ – ತುಮಕೂರಿನ ವರದಿಗಾರ:
ಪಿಡಿಒ ಬಾಯಿಮಾತಿಗೆ ನಿಲ್ಲಿಸಬೇಡಿ. ನಡಾವಳಿ ಪುಸ್ತಕ ನೋಡಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸುದ್ದಿ ಅಷ್ಟು ದಿನ ಕಾಯಲ್ಲ ಅಲ್ವಾ? ಹಾಗಾಗಿ ಮೊದಲು ನೇರವಾಗಿ ಕೇಳಿ. ಮತ್ತೆ ಆ ಕೇರಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿ.

ಉತ್ತರ – ಕೋರ್ಟ್ ಸುದ್ದಿ ಬರೆಯುವವಳು:
ಇನ್ನೊಂದು ವಿಷಯ. ಮುಂದೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಪ್ರಕರಣ ಬಂದರೆ ಮಗುವಿನ ಹೆಸರು, ಫೋಟೊ, ಶಾಲೆ, ಮನೆಯವರ ವಿವರ ಯಾವುದೂ ಬೇಡ. ಕಾಯ್ದೆಯ 23ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಸಣ್ಣ ಊರಲ್ಲಿ ಬೀದಿ ಹೆಸರು ಬರೆದರೂ ಯಾವ ಮಗು ಅಂತ ಎಲ್ಲರಿಗೂ ಗೊತ್ತಾಗುತ್ತದೆ.